ದಮ್ಮು ಬಂದರೂ ಮೂಳೆಗೆ ಸಮಯ ಬೇಕು

ವಿಜಯಪುರದಲ್ಲಿ ಮಳೆಗಾಲ ಮುಗಿದರೆ ಗೋಳಗುಮ್ಮಟದ ಆಸುಪಾಸಿನ ರಸ್ತೆಗಳಲ್ಲಿ ನಸುಕಿಗೇ ಓಡುವವರು ಹೆಚ್ಚುತ್ತಾರೆ. ಕೆಲವರು ಪೊಲೀಸ್ ಅಥವಾ ಸೇನಾ ಭರ್ತಿಗೆ ತಯಾರಾಗುವ ಹಳ್ಳಿಯ ಹುಡುಗರು. ಇನ್ನು ಕೆಲವರು ನಮ್ಮೂರಿನ ವೃಕ್ಷಥಾನ್‌ನಂತಹ ಓಟದಲ್ಲಿ 21 ಕಿಲೋಮೀಟರ್ ಮುಗಿಸಲೇಬೇಕೆಂದು ಹಟ ತೊಟ್ಟ ನಡುವಯಸ್ಕರು. ಇವರಲ್ಲಿ ಎಷ್ಟೋ ಮಂದಿ ಓಟ ಬಿಡುವುದು ದಮ್ಮು ಸಾಲದೆ ಅಲ್ಲ. ದಮ್ಮು ಬಂದ ಮೇಲೆ ಕಾಲು ಕೈಕೊಡುವುದರಿಂದ.

ಇದಕ್ಕೆ ಕಾರಣ ದೇಹದೊಳಗೇ ಇದೆ. ಅಭ್ಯಾಸ ಆರಂಭಿಸಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ. ತಿಂಗಳು ಕಳೆಯುವಷ್ಟರಲ್ಲಿ, ಮೊದಲು ಏದುಸಿರು ತರಿಸಿದ್ದ ದೂರ ಹಗುರಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ, ರಕ್ತ ಸಂಚಾರ ಕಡಿಮೆಯಿರುವ ಸ್ನಾಯುರಜ್ಜುಗಳು ಮಾತ್ರ ಗಟ್ಟಿಯಾಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಮೂಳೆಯ ಕಥೆ ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ನೇರವಾಗಿ ಬಲಗೊಳ್ಳುವುದಿಲ್ಲ. ಮೊದಲು ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಸಣ್ಣ ಸಣ್ಣ ಕುಳಿಗಳನ್ನು ಮಾಡುತ್ತವೆ. ಆಮೇಲೆ ಬೇರೆ ಕೋಶಗಳು ಬಂದು ಅಲ್ಲಿ ಹೊಸ ಮೂಳೆ ತುಂಬುತ್ತವೆ. ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ತುಂಬಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಈ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಉಸಿರು ‘ಇನ್ನೂ ಓಡು’ ಎನ್ನುವ ಹೊತ್ತಿಗೇ ಮೂಳೆ ಅತ್ಯಂತ ಅಪಾಯದಲ್ಲಿರುತ್ತದೆ ಎಂಬುದನ್ನು ಹೊಸ ಓಟಗಾರರಿಗೆ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಕಳವಳ.

ಹೀಗೆ ದುರ್ಬಲವಾದ ಮೂಳೆಯಲ್ಲಿ ಸಣ್ಣ ಬಿರುಕು ಬಿಡುವುದು ಹೊಸ ಕಾಯಿಲೆಯಲ್ಲ. ದೀರ್ಘ ಕವಾಯತಿನ ನಂತರ ಸೈನಿಕರ ಪಾದ ಊದಿ ನೋಯುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ದಾಖಲಿಸಿದ್ದ. ಅದು ಮೂಳೆಯ ಬಿರುಕು ಎಂದು ತಿಳಿದದ್ದು ಎಕ್ಸ್‌ರೇ ಬಂದ ಮೇಲೆ.

ಹಾಗಾಗಿ ಮೊದಲ ಮೂರು ತಿಂಗಳನ್ನು ಮೂಳೆಯ ಲೆಕ್ಕದಲ್ಲೇ ನಡೆಸಬೇಕು. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವಿರಲಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ, ಓಟದ ಪಾಲನ್ನು ಮೆಲ್ಲಗೆ ಹೆಚ್ಚಿಸಿ. ಜೊತೆಗಾರನೊಂದಿಗೆ ಪೂರ್ತಿ ವಾಕ್ಯ ಮಾತನಾಡಲಾಗದಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಶ್ರಮಪಟ್ಟಾಗ ಎದೆ ಬಿಗಿಯುವವರು ಅಥವಾ ತಲೆಸುತ್ತಿ ಬೀಳುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು ವೈದ್ಯರನ್ನು ಕಾಣದೆ ಬೂಟು ಕಟ್ಟಲೇಬಾರದು.

ತೂಕ ಇಳಿಸುವ ಆತುರದಲ್ಲಿ ಊಟ ಬಿಟ್ಟು ಓಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಹೊಟ್ಟೆಗೆ ಸಾಲದಿದ್ದರೆ ಮೂಳೆ ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ. ಓಟ ಹೆಚ್ಚಿದ ಮೇಲೆ ಹೆಣ್ಣುಮಕ್ಕಳ ಮುಟ್ಟು ನಿಂತರೆ ಅದು ಇದರ ಸ್ಪಷ್ಟ ಎಚ್ಚರಿಕೆ. ಜೋಳದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ, ಕೆನೆಮೊಸರು ತಟ್ಟೆಯಲ್ಲಿದ್ದರೆ ದುಬಾರಿ ಪುಡಿಗಳ ಡಬ್ಬಿ ಬೇಕಿಲ್ಲ.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೊಸದಾಗಿ ಆರಂಭಿಸುವುದು ಬೇಡ. ಸೆಕೆಗೆ ದೇಹ ಒಗ್ಗಲು ಸುಮಾರು ಎರಡು ವಾರ ಬೇಕು. ಬಾಯಾರಿದಾಗ ನೀರು ಕುಡಿಯಿರಿ. ಹೆದರಿಕೆಯಿಂದ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಎರವಾಗಬಹುದು. ಚಳಿಗಾಲ ಓಟಕ್ಕೆ ಹಿತವಾದರೂ ಅದು ಕಬ್ಬು ಸಾಗಿಸುವ ಕಾಲ. ಕತ್ತಲಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಹಿಂದಿನಿಂದ ಬರುವುದು ತಿಳಿಯುವುದಿಲ್ಲ. ಕ್ರೀಡಾಂಗಣ ಸಿಗದಿದ್ದರೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ತಿಳಿಬಣ್ಣದ ಬಟ್ಟೆ ತೊಟ್ಟು ಓಡಬೇಕು.

ನೋವನ್ನು ಗುರುತಿಸುವುದನ್ನೂ ಕಲಿಯಬೇಕು. ಮೀನಖಂಡವಿಡೀ ಹಿಡಿದುಕೊಂಡು, ಓಡುತ್ತಾ ಸಡಿಲವಾಗುವ ನೋವು ಸಾಮಾನ್ಯವಾಗಿ ಸ್ನಾಯುವಿನದು. ಕಣಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳು ಒತ್ತುತ್ತಾ ಕೆಳಗಿಳಿಸಿ. ಎಂಟಾಣೆಯಷ್ಟಗಲದ ಒಂದೇ ಜಾಗ ಚುಳ್ಳೆಂದರೆ, ಓಡಿದಷ್ಟೂ ನೋವು ಏರಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಓಟ ಅಂದೇ ನಿಲ್ಲಬೇಕು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇಂತಹ ಬಿರುಕು ಕಾಣದಿರುವುದೇ ಹೆಚ್ಚು. ಆದ್ದರಿಂದ ‘ಏನೂ ಇಲ್ಲ’ ಎಂಬ ವರದಿ ಕೈಗೆ ಬಂದರೂ ನೋವು ಉಳಿದಿದ್ದರೆ, ಎಂಆರ್‌ಐ ಅಥವಾ ಮತ್ತೊಂದು ಎಕ್ಸ್‌ರೇ ಬೇಕೇ ಎಂದು ಮೂಳೆ ವೈದ್ಯರನ್ನು ಕೇಳಿ.