ಮಟ್ಟು ಗುಳ್ಳದ ಒಂದು ವಾಕ್ಯ: ವಿಕಿಪೀಡಿಯ ಸಂಪಾದನೆ ಕಲಿಯುವವರಿಗೆ ಟಿಪ್ಪಣಿ

ನಮ್ಮ ಉಡುಪಿಯ ಶನಿವಾರದ ಕೂಟಕ್ಕೆ ಹೊಸದಾಗಿ ಬಂದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ವಿಕಿಪೀಡಿಯದಲ್ಲಿ ಯಾರು ಬೇಕಾದ್ರೂ ಬರೀಬಹುದು ಅಂತಾರಲ್ಲ, ಮತ್ತೆ ನಾನು ಬರೆದದ್ದನ್ನು ತೆಗೆದದ್ದು ಎಂತಕ್ಕೆ?" ಈ ಟಿಪ್ಪಣಿ ಅವರಿಗಾಗಿ. ನಿಯಮಗಳ ಪುಟಗಳನ್ನು ಒಂದರ ಹಿಂದೆ ಒಂದು ಓದುತ್ತಾ ಹೋದರೆ ತಲೆಗೆ ಹತ್ತುವುದು ಕಡಿಮೆ. ಒಂದು ವಾಕ್ಯವನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದೇ ನಿಯಮ ಬೇಗ ತಿಳಿಯುತ್ತದೆ. ನನಗೆ ತಿಳಿದದ್ದು ಹಾಗೆ.

ನನ್ನ ಸೋದರಮಾವನಿಗೆ ಮಟ್ಟುವಿನಲ್ಲಿ ಗದ್ದೆ ಇದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳದ, ಅಂದರೆ ದುಂಡು ಬದನೆಯ, ಸಸಿ ಇಡುತ್ತಾರೆ. ಹಾಗಾಗಿ ನಾನು ಮೊದಲು ಕೈಹಾಕಿದ್ದು ಮಟ್ಟು ಗುಳ್ಳದ ವಿಷಯಕ್ಕೆ. ಬರೆದ ವಾಕ್ಯ ಇದು:

"ವಾದಿರಾಜರು ಪ್ರಸಾದವಾಗಿ ಕೊಟ್ಟ ಬೀಜದಿಂದ ಹುಟ್ಟಿದ ಮಟ್ಟು ಗುಳ್ಳವು ಜಗತ್ತಿನಲ್ಲೇ ಅತ್ಯಂತ ರುಚಿಕರವಾದ ಬದನೆಯಾಗಿದ್ದು, ಇದರ ಬೋಳು ಕೊದ್ದೆಲ್ ಉಂಡವರು ಬೇರೆ ಬದನೆ ಮುಟ್ಟುವುದಿಲ್ಲ."

ಮರುದಿನ ಬೆಳಿಗ್ಗೆ ನೋಡಿದರೆ ವಾಕ್ಯ ಇರಲಿಲ್ಲ. ಪುಟದ ಮೇಲ್ಭಾಗದಲ್ಲಿ 'ಇತಿಹಾಸ' ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಆ ಪುಟ ಹುಟ್ಟಿದ ದಿನದಿಂದ ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ಇನ್ನೊಬ್ಬ ಸಂಪಾದಕರು ಸಾರಾಂಶ ಬರೆದಿದ್ದರು: "ಉಲ್ಲೇಖ ಇಲ್ಲ, ಹೊಗಳಿಕೆಯ ಧಾಟಿ." ಆ ಹೊತ್ತಿಗೆ ಸಿಟ್ಟು ಬಂದದ್ದು ಹೌದು. ವಿಷಯ ಹೇಳಿದಾಗ ಮಾವನೂ ಬೇಜಾರು ಮಾಡಿಕೊಂಡರು. "ನಲ್ವತ್ತು ವರ್ಷದಿಂದ ಬೆಳೀತಾ ಇದ್ದೇನೆ. ನಾನು ಹೇಳಿದ್ರೆ ಸಾಕಾಗುದಿಲ್ವಾ ಮಾರಾಯ?"

ಸಾಕಾಗುವುದಿಲ್ಲ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಎಲ್ಲ ನಿಯಮಗಳ ಬೇರು ಇರುವುದು ಅಲ್ಲೇ. ಬೀದರಿನಲ್ಲಿ ಕುಳಿತು ಆ ಪುಟ ಓದುವ ಹುಡುಗಿಗೆ ನನ್ನ ಮಾವ ಯಾರೆಂದು ಗೊತ್ತಿಲ್ಲ, ನಾನು ಯಾರೆಂದೂ ಗೊತ್ತಿಲ್ಲ. ವಾಕ್ಯ ನಿಜವೋ ಸುಳ್ಳೋ ಎಂದು ಅವಳೇ ಹೋಗಿ ನೋಡಿಕೊಳ್ಳಲು ಒಂದು ದಾರಿ ಬೇಕು. ಪುಸ್ತಕದ ಹೆಸರು, ಪುಟಸಂಖ್ಯೆ, ಪತ್ರಿಕೆಯ ದಿನಾಂಕ, ಇವೇ ಆ ದಾರಿ. ವಿಕಿಪೀಡಿಯದವರು ಇದನ್ನು ಪರಿಶೀಲನಾರ್ಹತೆ ಎನ್ನುತ್ತಾರೆ. ಇದರ ಜೊತೆಗೆ ಇನ್ನೆರಡು ಸೇರಿ ಮೂರು ಮುಖ್ಯ ನಿಯಮಗಳಾಗುತ್ತವೆ: ತಟಸ್ಥ ದೃಷ್ಟಿಕೋನ, ಮತ್ತು ಸ್ವಂತ ಸಂಶೋಧನೆಯನ್ನು ಇಲ್ಲಿ ಮೊದಲ ಸಲ ಪ್ರಕಟಿಸಬಾರದು ಎನ್ನುವುದು.

ಈಗ ನನ್ನ ವಾಕ್ಯವನ್ನು ಬಿಡಿಸಿ ನೋಡೋಣ. 'ಜಗತ್ತಿನಲ್ಲೇ ಅತ್ಯಂತ ರುಚಿಕರ' ಎಂಬುದು ನನ್ನ ನಾಲಗೆಯ ಮಾತು. ಯಾವ ಉಲ್ಲೇಖ ಕೊಟ್ಟರೂ ಅದು ವಿಶ್ವಕೋಶದ ಮಾತಾಗುವುದಿಲ್ಲ, ತೆಗೆಯಲೇಬೇಕು. 'ಬೇರೆ ಬದನೆ ಮುಟ್ಟುವುದಿಲ್ಲ' ಎಂಬುದೂ ಹಾಗೆಯೇ. ವಾದಿರಾಜರ ಕಥೆ ಬೇರೆ ತರದ್ದು. ಸೋದೆ ಮಠದ ವಾದಿರಾಜ ತೀರ್ಥರು ಬೀಜ ಕೊಟ್ಟರೆಂದು ನಮ್ಮ ಊರಿನಲ್ಲಿ ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಅದನ್ನು ಪುಟದಿಂದ ಹೊರಗಿಡುವುದು ತಪ್ಪಾಗುತ್ತದೆ, ನಡೆದ ಘಟನೆಯೆಂಬಂತೆ ಬರೆಯುವುದೂ ತಪ್ಪಾಗುತ್ತದೆ. 'ಎಂಬ ಐತಿಹ್ಯವಿದೆ' ಎಂದು ಬರೆದು, ಆ ಐತಿಹ್ಯವನ್ನು ದಾಖಲಿಸಿದ ಪುಸ್ತಕವನ್ನೋ ಲೇಖನವನ್ನೋ ಉಲ್ಲೇಖಿಸಬೇಕು. ನಾನು ಬರೆಯದೆ ಬಿಟ್ಟ ಗಟ್ಟಿ ಸಂಗತಿಯೊಂದಿತ್ತು: 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಅದರ ದಾಖಲೆ ಚೆನ್ನೈಯ ಜಿಐ ನೋಂದಣಿ ಕಚೇರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಕೊನೆಗೆ ನಿಂತ ವಾಕ್ಯಗಳು ಹೀಗಿವೆ:

"ಮಟ್ಟು ಗುಳ್ಳವು ಉಡುಪಿ ಜಿಲ್ಲೆಯ ಮಟ್ಟು ಗ್ರಾಮದಲ್ಲಿ ಬೆಳೆಯುವ, ತಿಳಿಹಸಿರು ಬಣ್ಣದ ದುಂಡು ಬದನೆಯ ತಳಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇದರ ಬೀಜವನ್ನು ವಾದಿರಾಜ ತೀರ್ಥರು ಊರವರಿಗೆ ನೀಡಿದರೆಂಬ ಐತಿಹ್ಯವಿದೆ."

ಮಾವನಿಗೆ ಓದಿ ಹೇಳಿದೆ. "ಇದು ಸರಿ ಉಂಟು" ಎಂದರು.

ನಮ್ಮ ಕಡೆಯ ಲೇಖನಗಳಲ್ಲಿ ತಟಸ್ಥತೆ ಎಡವುವ ಜಾಗ ಒಂದಿದೆ. ದೈವಸ್ಥಾನ, ದೇವಸ್ಥಾನದ ಬಗ್ಗೆ ಬರೆಯುವಾಗ 'ಬಹಳ ಕಾರಣಿಕದ (ಮಹಿಮೆಯ) ಕ್ಷೇತ್ರ', 'ಬೇಡಿದ್ದನ್ನು ಕೊಡುವ ದೈವ' ಎಂದು ಕೈ ತಾನಾಗಿ ಬರೆದುಬಿಡುತ್ತದೆ. ನಾನೂ ನೇಮಕ್ಕೆ, ಅಂದರೆ ದೈವದ ಉತ್ಸವಕ್ಕೆ, ಹೋಗಿ ಕೈಮುಗಿದು ಬರುವವನೇ. ಆದರೂ ವಿಶ್ವಕೋಶದಲ್ಲಿ 'ಎಂದು ಭಕ್ತರು ನಂಬುತ್ತಾರೆ' ಎಂದೇ ಬರೆಯುತ್ತೇನೆ. ಇದರಿಂದ ನಂಬಿಕೆಗೆ ಅಗೌರವವಾಯಿತೆಂದು ಕೂಟದಲ್ಲಿ ಒಬ್ಬರು ಹೇಳಿದ್ದರು. ನನಗೆ ಹಾಗನಿಸುವುದಿಲ್ಲ. ಯಾರು ನಂಬುತ್ತಾರೆ, ಏನನ್ನು ನಂಬುತ್ತಾರೆ, ವರ್ಷಕ್ಕೆ ಯಾವಾಗ ನೇಮ ನಡೆಯುತ್ತದೆ, ಯಾವ ಕಟ್ಟುಪಾಡಿನಲ್ಲಿ ನಡೆಯುತ್ತದೆ ಎಂದು ವಿವರವಾಗಿ ಬರೆದರೆ 'ಕಾರಣಿಕ' ಎಂಬ ಒಂದು ಪದಕ್ಕಿಂತ ಹೆಚ್ಚಿನದು ಓದುಗರಿಗೆ ತಲುಪುತ್ತದೆ.

ಸ್ವಂತ ಸಂಶೋಧನೆಗೆ ಬಾರ್ಕೂರಿನ ಉದಾಹರಣೆ ಸಾಕು. ಆಳುಪರ ರಾಜಧಾನಿಯಾಗಿದ್ದ ಊರು, ಹೆಜ್ಜೆಗೊಂದು ಶಾಸನ. ನೀವು ಕಲ್ಲಿನ ಮುಂದೆ ಕುಳಿತು ಓದಿ, ಒಂದು ಹೊಸ ಅರ್ಥ ಕಂಡುಕೊಂಡಿರಿ ಎನ್ನಿ. ಅದು ಸರಿಯೇ ಇರಬಹುದು. ಆದರೆ ಮೊದಲು ಒಂದು ಸಂಶೋಧನಾ ಪತ್ರಿಕೆಯಲ್ಲಿ ಬರಲಿ, ಬಲ್ಲವರು ಒಪ್ಪಲಿ ಅಥವಾ ಖಂಡಿಸಲಿ, ಆಮೇಲೆ ವಿಕಿಪೀಡಿಯಕ್ಕೆ ಬರಲಿ.

ಇಲ್ಲಿ ನನಗೆ ಇಂದಿಗೂ ಸಮಾಧಾನವಿಲ್ಲದ ವಿಷಯ ಒಂದಿದೆ. ತುಳುನಾಡಿನ ಅರ್ಧ ಜ್ಞಾನ ಪಾಡ್ದನದಲ್ಲಿದೆ (ಬಾಯಿಂದ ಬಾಯಿಗೆ ಬಂದ ತುಳು ಕಥನಗೀತೆಯಲ್ಲಿದೆ), ನಾಟಿ ಮಾಡುವವರ ಬಾಯಲ್ಲಿದೆ. ಅಚ್ಚಾದದ್ದನ್ನು ಮಾತ್ರ ಒಪ್ಪುತ್ತೇವೆ ಎಂದರೆ ಅದೆಲ್ಲ ಹೊರಗೇ ಉಳಿಯುತ್ತದೆ. ಈ ಪ್ರಶ್ನೆ ನಮ್ಮೊಬ್ಬರದ್ದಲ್ಲ. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಉಲ್ಲೇಖವಾಗಿ ಬಳಸುವ ಪ್ರಯೋಗ ನಡೆದಿತ್ತು. ಎಲ್ಲರೂ ಒಪ್ಪುವ ನಿಯಮವಾಗಿ ಅದು ನಿಲ್ಲಲಿಲ್ಲ. ಅಂಥ ನಿಯಮ ಬರುವವರೆಗೆ ನಮಗೆ ಕೈಗೆಟಕುವ ದಾರಿಯೆಂದರೆ ದಾಖಲಾದದ್ದನ್ನು ಹುಡುಕುವುದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಅಂಥದ್ದೊಂದು. ಒಂದು ಪದದ ಹಿಂದೆ ಬಿದ್ದರೆ ಬೇಸಾಯ, ಅಡುಗೆ, ಆಚರಣೆ ಎಲ್ಲದರ ಸುಳಿವು ಅದರಲ್ಲಿ ಸಿಗುತ್ತದೆ. ತುಳುವಿನಲ್ಲೇ ಬರೆಯಬೇಕೆನ್ನುವವರಿಗೆ ತುಳು ವಿಕಿಪೀಡಿಯ ಇದೆ. ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲಿದ್ದು 2016ರ ಆಗಸ್ಟ್‌ನಲ್ಲಿ ಅದು ಸ್ವತಂತ್ರವಾಗಿ ತೆರೆದುಕೊಂಡಿತು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ.

ಇನ್ನು ನಡತೆಯ ವಿಷಯ. ನನ್ನ ವಾಕ್ಯ ಹೋದ ದಿನ ನಾನು ಮಾಡಹೊರಟದ್ದು ಅದನ್ನೇ ಮತ್ತೆ ಅಂಟಿಸುವ ಕೆಲಸ. ಅವರು ತೆಗೆಯುವುದು, ನಾನು ಹಾಕುವುದು, ಹೀಗೆ ನಡೆದರೆ ಅದಕ್ಕೆ ಸಂಪಾದನಾ ಸಮರ ಎಂದು ಹೆಸರು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ರದ್ದುಮಾಡಿದರೆ ಖಾತೆಗೆ ತಡೆ ಬೀಳಬಹುದು. ನೀವು ಹೇಳುತ್ತಿರುವುದು ನಿಜವೇ ಆಗಿದ್ದರೂ ಅಷ್ಟೆ. ಒಪ್ಪಿಗೆಯಾಗುವ ಕ್ರಮ ಬೇರೆ: ಧೈರ್ಯವಾಗಿ ಬದಲಿಸಿ, ಯಾರಾದರೂ ರದ್ದುಮಾಡಿದರೆ ಅಲ್ಲಿಗೆ ನಿಲ್ಲಿಸಿ, ಪುಟದ 'ಚರ್ಚೆ' ಕೊಂಡಿಗೆ ಹೋಗಿ ಕೇಳಿ. ನಾನು ಕೇಳಿದ್ದು ಹೀಗೆ: "ನಮಸ್ಕಾರ. ನೀವು ತೆಗೆದ ಭಾಗದಲ್ಲಿ ಐತಿಹ್ಯದ ಸಂಗತಿಯನ್ನು ಉಲ್ಲೇಖದೊಂದಿಗೆ ಸೇರಿಸಬಹುದೇ?" ಸಂಜೆಯೊಳಗೆ ಉತ್ತರ ಬಂತು. ಧಾರಾಳವಾಗಿ ಸೇರಿಸಿ ಎಂದು ಬರೆದದ್ದು ಮಾತ್ರವಲ್ಲ, ಜಿಐ ದಾಖಲೆಯ ಸುಳಿವನ್ನು ಕೊಟ್ಟವರೂ ಅವರೇ. ಬೆಳಿಗ್ಗೆ ನಾನು ಅವರನ್ನು ಬೈದುಕೊಂಡದ್ದು ನೆನಪಾಗಿ ಕಸಿವಿಸಿಯಾಯಿತು. ಎದುರಿನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ ಎಂದುಕೊಂಡು ಶುರುಮಾಡಿ ಎಂಬ ನಿಯಮವೇ ಇದೆ. ಹೊಸಬರ ಮೇಲೆ ಹರಿಹಾಯಬೇಡಿ ಎಂಬ ನಿಯಮವೂ ಇದೆ, ಅದು ಹಳಬರಿಗೆ.

ಚರ್ಚೆಪುಟದಲ್ಲಿ ಮಾತು ಮುಗಿದ ಮೇಲೆ ಸಹಿ ಹಾಕಬೇಕು. ನಾಲ್ಕು ಸಲ ಅಲೆಗೆರೆ ಒತ್ತಿದರೆ (~~~~) ನಿಮ್ಮ ಹೆಸರು, ಸಮಯ ತಾನಾಗಿ ಬರುತ್ತದೆ. ಲೇಖನದ ಒಳಗೆ ಮಾತ್ರ ಸಹಿ ಹಾಕಬಾರದು, ಯಾಕೆಂದರೆ ಯಾವ ಲೇಖನವೂ ಯಾರ ಸ್ವಂತದ್ದೂ ಅಲ್ಲ. ಒಂದು ಪುಟಕ್ಕೆ ಸೀಮಿತವಲ್ಲದ ವಿಷಯವಿದ್ದರೆ ಅರಳಿ ಕಟ್ಟೆಗೆ ಹೋಗಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತಾಡುವ ಪುಟಕ್ಕೆ ಇಟ್ಟ ಹೆಸರು ಅದು, ನನಗೆ ಬಹಳ ಇಷ್ಟವಾದ ಹೆಸರು. ಪ್ರತಿ ಸಲ ಉಳಿಸುವ ಮೊದಲು ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ. 'ಕಾಗುಣಿತ ತಿದ್ದಿದೆ' ಎಂದರೂ ಆದೀತು.

ನಿಮ್ಮ ಚಿಕ್ಕಪ್ಪ ಯಕ್ಷಗಾನ ಮೇಳದಲ್ಲಿ ಭಾಗವತರಾಗಿದ್ದರೆ ಅವರ ಪುಟವನ್ನು ನೀವೇ ಬರೆಯಬೇಡಿ. ಮಾಹಿತಿಯನ್ನು ಉಲ್ಲೇಖದ ಸಮೇತ ಚರ್ಚೆಪುಟದಲ್ಲಿ ಇಡಿ, ಬೇರೆಯವರು ನೋಡಿ ಸೇರಿಸಲಿ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕೆಂದು 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ.

ಕೃತಿಸ್ವಾಮ್ಯದಲ್ಲಿ ನಮ್ಮ ಕೂಟದವರು ಹೆಚ್ಚು ಎಡವಿದ್ದಾರೆ. ಪತ್ರಿಕೆಯ ಎರಡು ಪ್ಯಾರಾ ಹಾಗೆಯೇ ಇಳಿಸಿ, ಕೆಳಗೆ ಪತ್ರಿಕೆಯ ಹೆಸರು ಹಾಕಿದರೆ ಸಾಕೆಂದುಕೊಳ್ಳುತ್ತಾರೆ. ಸಾಲದು. ನೀವು ಉಳಿಸಿದ ಪಠ್ಯ ಮುಕ್ತ ಪರವಾನಗಿಯಲ್ಲಿ ಎಲ್ಲರದ್ದಾಗುತ್ತದೆ. ಹೆಸರು ಹೇಳಿ, ಅದೇ ಪರವಾನಗಿಯಲ್ಲಿ, ಯಾರು ಬೇಕಾದರೂ ಅದನ್ನು ಮಾರಲೂಬಹುದು. ಇನ್ನೊಬ್ಬರ ಬರಹವನ್ನು ಹಾಗೆ ಕೊಡುವ ಹಕ್ಕು ನಮಗಿಲ್ಲ. ಸಂಗತಿ ತೆಗೆದುಕೊಳ್ಳಿ, ವಾಕ್ಯ ನಿಮ್ಮದಿರಲಿ. ಭಾರತದಲ್ಲಿ ಲೇಖಕರ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹ ಮುಕ್ತ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಜೀವಿತಕಾಲದಲ್ಲಿ ಪ್ರಕಟವಾದವು 2024ರಿಂದ ಮುಕ್ತ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ, ಅವರ ಪುಸ್ತಕದ ಪುಟಗಳನ್ನು 2057 ಮುಗಿಯುವವರೆಗೆ ಎತ್ತಿ ಹಾಕುವಂತಿಲ್ಲ.

ಯಂತ್ರಾನುವಾದವನ್ನು ಹಾಗೆಯೇ ಉಳಿಸಬೇಡಿ, ಜೋರಾಗಿ ಓದಿ ನೋಡಿ. ಬಾಯಿಗೆ ಬರದ ವಾಕ್ಯವನ್ನು ಮುರಿದು ಮತ್ತೆ ಬರೆಯಿರಿ. ಟೈಪ್ ಮಾಡಲು ಬಾರದವರು ಹೆದರಬೇಕಿಲ್ಲ, ವಿಕಿಪೀಡಿಯದೊಳಗೇ ಕನ್ನಡ ಕೀಲಿಮಣೆಗಳಿವೆ. ಅದರಲ್ಲೊಂದು ಕೆ.ಪಿ. ರಾವ್ ವಿನ್ಯಾಸ. ಅದನ್ನು ರೂಪಿಸಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು ಎಂದು ಹೊಸಬರಿಗೆ ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆಯಾಗುತ್ತದೆ.

ಮುಂದಿನ ಶನಿವಾರ ನಾವು ಮಟ್ಟುವಿಗೆ ಹೋಗುವುದು. ಗುಳ್ಳದ ಗಿಡ, ತೊಟ್ಟಿನ ಮೇಲಿನ ಮುಳ್ಳು, ಕೊಯ್ದು ರಾಶಿ ಹಾಕಿದ್ದು, ಮೂರರ ಚಿತ್ರವೂ ಬೇಕು. ಅಂತರ್ಜಾಲದಿಂದ ತೆಗೆದದ್ದು ಬೇಡ, ಅವರವರ ಮೊಬೈಲಿನಲ್ಲಿ ಅವರವರೇ ತೆಗೆಯಬೇಕು. ವಿಕಿಪೀಡಿಯದ ಚಿತ್ರಗಳನ್ನು ಇಡುವ ಕಾಮನ್ಸ್ ತಾಣಕ್ಕೆ ಏರಿಸುವಾಗ 'ಇದು ನನ್ನದೇ ಕೃತಿ' ಎಂಬಲ್ಲಿ ಗುರುತು ಹಾಕಲು ಬರುತ್ತದೆ, ಅದು ನಿಜವೂ ಆಗಿರಬೇಕು. ಯಾರ ಮುಖವಾದರೂ ಬರುವುದಿದ್ದರೆ ಮೊದಲು ಅವರನ್ನು ಕೇಳಿ. ಮಾವ ಆಗಲೇ ಹೇಳಿಯಾಗಿದೆ: ಬೆಳಿಗ್ಗೆ ಎಂಟರೊಳಗೆ ಬನ್ನಿ, ಬಿಸಿಲೇರಿದ ಮೇಲೆ ಎಲೆ ಬಾಡಿ ಚಿತ್ರ ಚೆಂದ ಬರುವುದಿಲ್ಲ.