ಗಾಲ್ಫ್ ಮೈದಾನದ ಹುಲ್ಲು, ನೀರು ಮತ್ತು ನೆರೆಹೊರೆ

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಫೆಬ್ರುವರಿ, ಮಾರ್ಚ್ ಎಂದರೆ ಹೂಮಳೆಗೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆಗೆ, ಕಾಯುವ ಕಾಲ. ಮಳೆ ತಡವಾದರೆ ತೋಟದ ಕೆರೆಗೂ ಪಕ್ಕದ ಹಳ್ಳಕ್ಕೂ ಮೋಟಾರು ಇಳಿಯುತ್ತದೆ. ರೊಬಸ್ಟಾ ಗಿಡಗಳ ಮೇಲೆ ಸ್ಪ್ರಿಂಕ್ಲರ್‌ಗಳು ರಾತ್ರಿಯಿಡೀ ತಿರುಗುತ್ತವೆ. ಗಾಲ್ಫ್ ಮೈದಾನದ ಹುಲ್ಲು ಹೆಚ್ಚು ನೀರು ಕೇಳುವುದೂ ಇದೇ ವಾರಗಳಲ್ಲಿ. ತೋಟ, ಊರು, ಮೈದಾನ ಮೂರೂ ಒಂದೇ ಸಮಯದಲ್ಲಿ ನೀರಿಗೆ ಕೈಚಾಚುವುದರಿಂದ, ಈ ಸೀಮೆಯಲ್ಲಿ ಗಾಲ್ಫ್ ಬಗ್ಗೆ ಮಾತು ಎಲ್ಲಿಂದ ಶುರುವಾದರೂ ನೀರಿಗೇ ಬಂದು ನಿಲ್ಲುತ್ತದೆ. ಆಮೇಲೆ ಔಷಧಿ ಸಿಂಪಡಣೆಯ ಮಾತು ಬರುತ್ತದೆ, ಜಮೀನಿನ ಮಾತು ಬರುತ್ತದೆ, ಪ್ರವಾಸೋದ್ಯಮದ ಮಾತು ಬರುತ್ತದೆ, ಕಡೆಗೆ ಯಾವ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು ಎಂಬುದೇ ತಿಳಿಯದ ಹಾಗೆ ಎಲ್ಲವೂ ಸಿಕ್ಕುಗಟ್ಟುತ್ತದೆ.

ಈ ಚರ್ಚೆಯಲ್ಲಿ ಆಡುವವರ ದನಿ ಕೇಳುತ್ತದೆ, ವಿರೋಧಿಸುವವರ ದನಿಯೂ ಕೇಳುತ್ತದೆ. ಬೆಳಗಿನ ಜಾವ ಇಬ್ಬನಿ ಆರುವ ಮೊದಲೇ ಗ್ರೀನ್ ಮೇಲೆ, ಅಂದರೆ ಚೆಂಡು ಬೀಳಿಸುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ನಿಂತು, ಯಾವ ವಾಲ್ವ್ ಎಷ್ಟು ನಿಮಿಷ ತೆರೆಯಬೇಕು, ಯಾವ ರೋಗಕ್ಕೆ ಏನು ಸಿಂಪಡಿಸಬೇಕು ಎಂದು ತೀರ್ಮಾನಿಸುವ ಮನುಷ್ಯನ ದನಿ ಮಾತ್ರ ಕೇಳುವುದಿಲ್ಲ. ನೀರಿನ ಲೆಕ್ಕ, ಔಷಧಿಯ ಲೆಕ್ಕ ಎರಡೂ ಇರುವುದು ಅವನ ಬಳಿಯಲ್ಲೇ. ಬೇರೆ ದೇಶಗಳಲ್ಲಿ ಈ ವೃತ್ತಿಯವರು ಸಂಘ ಕಟ್ಟಿಕೊಂಡು, ಮೊದಲು ತಮ್ಮತಮ್ಮಲ್ಲಿ, ನಂತರ ಸರ್ಕಾರದ ಮುಂದೆ, ಬಹಳ ತಡವಾಗಿ ನೆರೆಹೊರೆಯ ಮುಂದೆ ಮಾತನಾಡಲು ಕಲಿತರು. ಆ ಕಲಿಕೆಯ ಚರಿತ್ರೆಯನ್ನು ತಿಳಿದರೆ ನಮ್ಮ ಜಿಲ್ಲೆಯ ಸಿಕ್ಕನ್ನು ಬಿಡಿಸಲು ಒಂದು ಎಳೆ ಸಿಗುತ್ತದೆ.

ಭಾರತಕ್ಕೆ ಗಾಲ್ಫ್ ಬಂದದ್ದು 1829ರಲ್ಲಿ, ಕಲ್ಕತ್ತಾಕ್ಕೆ. ಬೆಂಗಳೂರಿನ ಕ್ಲಬ್ ಆರಂಭವಾದದ್ದು 1876ರಲ್ಲಿ. ಕೆಲವು ಬೆಟ್ಟದ ಸೀಮೆಗಳಿಗೆ ಅದನ್ನು ಹತ್ತಿಸಿದವರು ಪ್ಲಾಂಟರುಗಳು. ನೀರು ಸಾಲದ ಎಷ್ಟೋ ಹಳೆಯ ಮೈದಾನಗಳಲ್ಲಿ ಗುಳಿಯ ಸುತ್ತ ಹಸಿರು ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹಾಸುತ್ತಿದ್ದರು. ಅದಕ್ಕೆ ‘ಬ್ರೌನ್’ ಎಂದೇ ಹೆಸರಿತ್ತು. ಮೈದಾನವನ್ನು ನೋಡಿಕೊಳ್ಳುತ್ತಿದ್ದವರು ಮಾಲಿಗಳು. ಅವರ ತಿಳಿವಳಿಕೆ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ದಾಟುತ್ತಿತ್ತೇ ಹೊರತು ಪುಸ್ತಕಕ್ಕೆ ಏರಲಿಲ್ಲ.

ಇದೇ ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸರ್ಕಾರ ಕಾಫಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ಎಲೆ ತುಕ್ಕು ರೋಗದಿಂದ ಸೋತಿದ್ದ ಬೆಳೆಗಾರನಿಗೆ ಅನುಭವದ ಜೊತೆಗೆ ವಿಜ್ಞಾನವೂ ಬೇಕಾಗಿತ್ತು. ಅದರ ಮರುವರ್ಷ, 1926ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊ ನಗರದಲ್ಲಿ ಸುಮಾರು 60 ಮಂದಿ ಗ್ರೀನ್‌ಕೀಪರ್‌ಗಳು, ಅಂದರೆ ಗಾಲ್ಫ್ ಮೈದಾನ ನೋಡಿಕೊಳ್ಳುವವರು, ಸೇರಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಎರಡು ಘಟನೆಗಳಿಗೆ ಸಂಬಂಧವಿಲ್ಲ, ಆದರೆ ಸಮಸ್ಯೆ ಹತ್ತಿರದ್ದೇ ಆಗಿತ್ತು. ಕೊಳೆ ರೋಗದಿಂದ ಅಡಿಕೆಯನ್ನೂ ತುಕ್ಕು ರೋಗದಿಂದ ಕಾಫಿಯನ್ನೂ ಕಾಯಲು ಮಲೆನಾಡಿನವರು ಇಂದಿಗೂ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಅಮೆರಿಕದ ಗಾಲ್ಫ್ ಹುಲ್ಲಿನ ಮೇಲೆ ಮೊದಲು ಬಳಕೆಯಾದ ಶಿಲೀಂಧ್ರನಾಶಕವೂ ಹೌದು. ಅಲ್ಲಿ ಅದನ್ನು ಮತ್ತೆ ಮತ್ತೆ ಸಿಂಪಡಿಸಿದ್ದರಿಂದ ಮಣ್ಣಿನಲ್ಲಿ ತಾಮ್ರ ಶೇಖರವಾಗಿ ಹುಲ್ಲೇ ಸುಟ್ಟುಹೋಗತೊಡಗಿತು. ಆಗ ಕೈಗೆ ಬಂದದ್ದು ಪಾದರಸದ ಸಂಯುಕ್ತಗಳು. ಅವು ರೋಗವನ್ನು ಚೆನ್ನಾಗಿ ತಡೆದವು, ಆದ್ದರಿಂದಲೇ 1990ರ ದಶಕದ ಆರಂಭದವರೆಗೂ ಅಲ್ಲಿನ ಮೈದಾನಗಳಲ್ಲಿ ಉಳಿದುಕೊಂಡವು.

ಸಂಘ ಹುಟ್ಟಿದ ನಂತರದ ಐದು ದಶಕಗಳಲ್ಲಿ ಗ್ರೀನ್‌ಕೀಪರ್ ಸೂಪರಿಂಟೆಂಡೆಂಟ್ ಆದ, 1938ರಲ್ಲಿ ಸಂಘದ ಹೆಸರಿಗೂ ಆ ಪದ ಸೇರಿತು, ಹುಲ್ಲಿನ ವಿಜ್ಞಾನ ವಿಶ್ವವಿದ್ಯಾಲಯಗಳ ಪಠ್ಯವಾಯಿತು, ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ ಹೊರಬಂದ ಹೊಸ ಹುಲ್ಲಿನ ತಳಿಗಳು ಬಿಸಿಲ ದೇಶಗಳಿಗೆಲ್ಲ ಹರಡಿದವು. ಈ ಅವಧಿಯಲ್ಲಿ ಸಂಘದ ಮಾತೆಲ್ಲ ಒಳಗಿನದೇ: ಸಂಬಳ, ತರಬೇತಿ, ಯಂತ್ರ, ತಳಿ. ಬೇಲಿಯಾಚೆಗಿನವರಿಗೆ ಏನಾದರೂ ಹೇಳಬೇಕೆಂಬ ಯೋಚನೆ ಅಷ್ಟಾಗಿ ಕಾಣುವುದಿಲ್ಲ.

ಅದನ್ನು ಬದಲಿಸಿದ್ದು 1984ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ನಡೆದ ಒಂದು ಘಟನೆ ಎಂದರೆ ತಪ್ಪಾಗಲಾರದು. ಬ್ರಾಂಟ್ ಎಂಬ ಜಾತಿಯ ಹೆಬ್ಬಾತುಗಳು ಅಲ್ಲಿನ ಗಾಲ್ಫ್ ಮೈದಾನವೊಂದಕ್ಕೆ ಇಳಿದು ಹುಲ್ಲು ಮೇಯ್ದವು. ಆ ಹುಲ್ಲಿಗೆ ಡಯಾಜಿನಾನ್ ಎಂಬ ಕೀಟನಾಶಕವನ್ನು ಹಾಕಲಾಗಿತ್ತು. ಸುಮಾರು 700 ಹಕ್ಕಿಗಳು ಸತ್ತವು. ಡಯಾಜಿನಾನ್ ಆಗ ನಿಷೇಧಿತ ವಸ್ತುವಾಗಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿತ್ತು, ಮನೆಯಂಗಳದ ಹುಲ್ಲಿಗೂ ಬಳಕೆಯಾಗುತ್ತಿತ್ತು. ಈ ಘಟನೆಯನ್ನು ಓದುವಾಗ ನಾವು ಗಮನಿಸಬೇಕಾದ ಸಂಗತಿ ಇದೇ. ಅನುಮತಿ ಇರುವ ವಸ್ತುವನ್ನು ಬಳಸಿಯೂ ಇಷ್ಟು ದೊಡ್ಡ ಸಾವು ಸಂಭವಿಸಬಹುದಾದರೆ, ‘ನಾವು ನಿಯಮದ ಪ್ರಕಾರ ನಡೆದಿದ್ದೇವೆ’ ಎಂಬ ಒಂದು ಮಾತು ನೆರೆಯವರಿಗೆ ಸಮಾಧಾನ ಕೊಡುವ ಉತ್ತರವಾಗಿ ಉಳಿಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿಚಾರಣೆಗೆ ತೊಡಗಿತು. ತಯಾರಕರ ಆಕ್ಷೇಪಣೆ, ನ್ಯಾಯಾಲಯದ ಹಂತಗಳೆಲ್ಲ ದಾಟಿ, ಗಾಲ್ಫ್ ಮೈದಾನಗಳಲ್ಲಿಯೂ ಹುಲ್ಲುಹಾಸು ಬೆಳೆಯುವ ಹೊಲಗಳಲ್ಲಿಯೂ ಡಯಾಜಿನಾನ್ ಬಳಸುವುದನ್ನು 1990ರ ಹೊತ್ತಿಗೆ ಅಂತಿಮವಾಗಿ ನಿಲ್ಲಿಸಲಾಯಿತು.

ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ಮೈದಾನ ನಿರ್ವಹಣೆಯ ವೃತ್ತಿ ಎರಡು ದಿಕ್ಕಿನಿಂದ ಪರೀಕ್ಷೆಗೆ ಒಳಗಾಯಿತು. ಒಂದು ಕಡೆ ಜಪಾನಿನಲ್ಲಿ, ಆಗ್ನೇಯ ಏಷ್ಯಾದಲ್ಲಿ ಕಾಡು ಮತ್ತು ಗದ್ದೆಗಳನ್ನು ಕಬಳಿಸುತ್ತಿದ್ದ ಹೊಸ ಮೈದಾನಗಳ ವಿರುದ್ಧ ಜನ ಎದ್ದರು, ಗೋವಾದಲ್ಲೂ ಪ್ರತಿಭಟನೆಗಳಾದವು, 1993ರ ಏಪ್ರಿಲ್ 29ರಂದು ಮಲೇಷ್ಯಾದ ಪೆನಾಂಗ್‌ನಲ್ಲಿ ಜಾಗತಿಕ ಗಾಲ್ಫ್ ವಿರೋಧಿ ಆಂದೋಲನವೇ ಹುಟ್ಟಿಕೊಂಡಿತು. ಅದನ್ನು ಕಟ್ಟಿದವರ ದೂರುಗಳಲ್ಲಿ ಬಹಳಷ್ಟು ನಿಜವಿತ್ತು. ನೀರು ಕಳೆದುಕೊಂಡ ರೈತನಿಗೆ ಆ ಆಟದ ಸೊಬಗನ್ನು ವಿವರಿಸಿ ಪ್ರಯೋಜನವಿಲ್ಲ. ಇನ್ನೊಂದು ಕಡೆ ವೃತ್ತಿಯ ಒಳಗಿನಿಂದಲೇ ಕೆಲವರು ದಾರಿ ಹುಡುಕತೊಡಗಿದರು. 1991ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯ ನೆರವಿನಿಂದ ಆಡುಬನ್ ಇಂಟರ್‌ನ್ಯಾಷನಲ್ ಎಂಬ ಪರಿಸರ ಸಂಸ್ಥೆಯ ಪ್ರಮಾಣೀಕರಣ ಆರಂಭವಾಯಿತು. ಅದರಲ್ಲಿ ಸೇರುವ ಮೈದಾನವು ವನ್ಯಜೀವಿಗಳ ನೆಲೆ, ರಾಸಾಯನಿಕಗಳ ಬಳಕೆ ಮತ್ತು ಸುರಕ್ಷತೆ, ನೀರಿನ ಉಳಿತಾಯ, ನೀರಿನ ಗುಣಮಟ್ಟ ಇವುಗಳನ್ನು ದಾಖಲಿಸಬೇಕಿತ್ತು. ಅವುಗಳ ಜೊತೆಗೆ ಜನಸಂಪರ್ಕ ಮತ್ತು ಶಿಕ್ಷಣವನ್ನೂ ಒಂದು ಅಂಗವಾಗಿ ಇಡಲಾಗಿತ್ತು. ಎಂದರೆ, ನೆರೆಯವರಿಗೆ ವಿವರಿಸುವುದು ಸೂಪರಿಂಟೆಂಡೆಂಟನ ಸೌಜನ್ಯಕ್ಕೆ ಬಿಟ್ಟ ಕೆಲಸವಾಗಿರದೆ, ಅವನ ಕೆಲಸದ ಭಾಗವೇ ಆಗಿ ಮೊದಲ ಬಾರಿಗೆ ಬರಹಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ನಿಜವಾದ ತಿರುವು ಇದು.

ಇದೇ ಮನೋಭಾವದಿಂದ 1997ರಲ್ಲಿ ವಾಷಿಂಗ್ಟನ್ ರಾಜ್ಯದ ಕೆಲವು ಸೂಪರಿಂಟೆಂಡೆಂಟರು ‘ಫಸ್ಟ್ ಗ್ರೀನ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಶಾಲೆಯ ಮಕ್ಕಳು ಒಂದು ಬೆಳಿಗ್ಗೆ ಮೈದಾನಕ್ಕೆ ಬರುತ್ತಾರೆ, ಆಡಲು ಅಲ್ಲ. ಗ್ರೀನ್‌ನಿಂದ ಕೊಳವೆಯಾಕಾರದ ಮಣ್ಣಿನ ತುಂಡು ತೆಗೆದು ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯುತ್ತಾರೆ. ಕೊಳದ ನೀರಿನ ಆಮ್ಲೀಯತೆಯನ್ನು ಪರೀಕ್ಷಿಸುತ್ತಾರೆ. ಅಂಕುಡೊಂಕಾದ ಗ್ರೀನ್‌ನ ವಿಸ್ತೀರ್ಣವನ್ನು ಲೆಕ್ಕ ಹಾಕಿ ಅದಕ್ಕೆ ಎಷ್ಟು ಗೊಬ್ಬರ ಬೇಕು ಎಂದು ಕಂಡುಹಿಡಿಯುತ್ತಾರೆ. ಈ ಕ್ರಮದ ಬಲ ಇರುವುದು ಅದರ ಸರಳತೆಯಲ್ಲಿ. ಮಕ್ಕಳು ತಾವೇ ಅಳೆದ ಸಂಖ್ಯೆಯನ್ನು ಮನೆಗೆ ಒಯ್ಯುತ್ತಾರೆ. ಕ್ಲಬ್ ಅಚ್ಚುಹಾಕಿಸಿದ ಕರಪತ್ರಕ್ಕಿಂತ ಆ ಸಂಖ್ಯೆಯನ್ನು ಊರು ನಂಬುತ್ತದೆ. ರಾಷ್ಟ್ರೀಯ ಸಂಘ ಈ ಕಾರ್ಯಕ್ರಮವನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 2018ರಲ್ಲಿ, ಇಪ್ಪತ್ತು ವರ್ಷಗಳ ನಂತರ.

ಆ ನಡುವೆ ಸಂಘದ ಶ್ರಮ ಹೆಚ್ಚಾಗಿ ರಾಜಧಾನಿಯ ಕಡೆಗೆ ತಿರುಗಿತ್ತು. 2008ರಿಂದ ವಾಷಿಂಗ್ಟನ್ ನಗರದಲ್ಲಿ ‘ರಾಷ್ಟ್ರೀಯ ಗಾಲ್ಫ್ ದಿನ’ ನಡೆಯುತ್ತಿದೆ. ಆ ದಿನ ಈ ಕ್ಷೇತ್ರದವರು ಜನಪ್ರತಿನಿಧಿಗಳನ್ನು ಕಂಡು ತಮ್ಮ ಅಹವಾಲು ಹೇಳಿಕೊಳ್ಳುತ್ತಾರೆ. 2014ರಲ್ಲಿ ಪ್ರತಿಯೊಬ್ಬ ಸಂಸತ್ ಸದಸ್ಯನಿಗೂ ಅವನ ಕ್ಷೇತ್ರದ ಒಬ್ಬ ಸೂಪರಿಂಟೆಂಡೆಂಟನನ್ನು ಜೋಡಿಸುವ ಯೋಜನೆ ರೂಪುಗೊಂಡಿತು. ಹಳ್ಳ, ಜೌಗು, ಸಣ್ಣ ತೊರೆಗಳ ಮೇಲೆ ಒಕ್ಕೂಟ ಸರ್ಕಾರದ ಅಧಿಕಾರವನ್ನು ವಿವರಿಸಿದ 2015ರ ಜಲ ನಿಯಮವನ್ನು ಸಂಘ ವಿರೋಧಿಸಿತು. ಮೈದಾನದೊಳಗಿನ ಪ್ರತಿ ಕಾಲುವೆಗೂ ಪರವಾನಗಿ ಬೇಕಾದೀತು ಎಂಬುದು ಅದರ ಆತಂಕ. ಆತಂಕ ಅರ್ಥವಾಗುವಂಥದ್ದೇ. ಆದರೆ ಒಂದೇ ಸಂಘ ಶಾಲಾ ಮಕ್ಕಳಿಗೆ ಕೊಳದ ನೀರನ್ನು ಪರೀಕ್ಷಿಸಲು ಕಲಿಸುತ್ತ, ಅದೇ ಕೊಳಕ್ಕೆ ಸೇರುವ ತೊರೆಯ ಮೇಲಿನ ನಿಯಮ ಸಡಿಲವಾಗಲಿ ಎಂದು ಕೋರಿದಾಗ, ಹೊರಗಿನವರು ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಏಳುವುದೂ ಸಹಜ.

ಪ್ರತಿ ರಾಜ್ಯದ ಹವೆ, ಮಣ್ಣು, ಕಾನೂನುಗಳಿಗೆ ಹೊಂದುವ ಉತ್ತಮ ನಿರ್ವಹಣಾ ಕ್ರಮಗಳ ಕೈಪಿಡಿಯನ್ನು 2020ರ ಕೊನೆಯೊಳಗೆ 50 ರಾಜ್ಯಗಳಲ್ಲೂ ಸಿದ್ಧಪಡಿಸಿದ್ದು ಆ ಸಂಘದ ದೊಡ್ಡ ಸಾಧನೆ. 2005ರಿಂದ 2020ರ ನಡುವೆ ಅಮೆರಿಕದ ಗಾಲ್ಫ್ ಮೈದಾನಗಳು ಬಳಸುವ ನೀರು ಶೇ. 29ರಷ್ಟು ಇಳಿದಿದೆ ಎಂದು ಅವರ ಸಮೀಕ್ಷೆ ಹೇಳುತ್ತದೆ. ಆ ಅವಧಿಯಲ್ಲಿ ಮೈದಾನಗಳ ಸಂಖ್ಯೆಯೂ ಇಳಿಯಿತು, ಸಮೀಕ್ಷೆ ನಡೆದದ್ದೂ ಆ ಕ್ಷೇತ್ರದವರಿಂದಲೇ. ಹಾಗಿದ್ದರೂ ಹದಿನೈದು ವರ್ಷಗಳ ಲೆಕ್ಕ ಬರೆದಿಟ್ಟಿದ್ದಾರೆ ಎಂಬ ಕಾರಣಕ್ಕೇ ಇಂದು ಆ ಸಂಖ್ಯೆಯನ್ನು ಪ್ರಶ್ನಿಸಲು ಸಾಧ್ಯವಾಗಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಭಾರತದಲ್ಲೂ ಗಾಲ್ಫ್ ಮೈದಾನಗಳ ಸೂಪರಿಂಟೆಂಡೆಂಟರ ಮತ್ತು ವ್ಯವಸ್ಥಾಪಕರ ಸಂಘವಿದೆ, ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕ್ಲಬ್ಬೂ ಇದೆ. ಮೈದಾನದಲ್ಲಿ ಬೆಳೆಯುವ ಬರ್ಮುಡಾ ಹುಲ್ಲು ನಮಗೆ ಅಪರಿಚಿತವಲ್ಲ. ಗಣಪತಿಗೆ ಏರಿಸುವ ಗರಿಕೆಯೇ ಅದು. ಟಿಫ್ಟನ್‌ನಲ್ಲಿ ಮಾಡಿದ್ದು ಇದೇ ಗರಿಕೆಗೆ ಆಫ್ರಿಕಾದ ಅದರ ದಾಯಾದಿ ಹುಲ್ಲೊಂದನ್ನು ಕೂಡಿಸಿದ ಸಂಕರ ತಳಿ. ಹೊಲದಲ್ಲಿ ಕಿತ್ತಷ್ಟೂ ಚಿಗುರುವ ಗರಿಕೆಗೆ ಯಾರೂ ನೀರು ಹಾಯಿಸುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಅದೇ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ದಿನವೂ ಕತ್ತರಿಸಿದಾಗ ಅದರ ಬೇರು ಮೋಟಾಗುತ್ತದೆ, ಬಿಸಿಲು ತಾಳುವ ಶಕ್ತಿ ಕುಗ್ಗುತ್ತದೆ, ರೋಗ ಬೇಗ ಹತ್ತುತ್ತದೆ. ಗ್ರೀನ್‌ಗಳೆಲ್ಲ ಸೇರಿದರೂ 18 ಗುಳಿಗಳ ಮೈದಾನದಲ್ಲಿ ಸಾಮಾನ್ಯವಾಗಿ ಮೂರು ಎಕರೆಯ ಆಸುಪಾಸು. ಹೆಚ್ಚಿನ ಆರೈಕೆ ಬೇಕಾಗುವುದು ಆ ಸಣ್ಣ ಭಾಗಕ್ಕೆ. ಉಳಿದ ನೆಲದಲ್ಲಿ ಎಷ್ಟನ್ನು ಬೇಸಿಗೆಯಲ್ಲಿ ಒಣಗಲು ಬಿಡಬಹುದು ಎಂಬುದು ಮೈದಾನ ನೋಡಿಕೊಳ್ಳುವವನು ಉತ್ತರಿಸಬಲ್ಲ ಪ್ರಶ್ನೆ. ಮಾರ್ಚಿನ ಒಣ ಫೇರ್‌ವೇಯನ್ನು, ಅಂದರೆ ಗ್ರೀನ್‌ವರೆಗೆ ಚೆಂಡು ಹೊಡೆದುಕೊಂಡು ಸಾಗುವ ಹುಲ್ಲಿನ ಹಾದಿಯನ್ನು, ಸದಸ್ಯರು ಒಪ್ಪಿಕೊಂಡರೆ ಆ ಉತ್ತರ ಸುಲಭವಾಗುತ್ತದೆ. ಬ್ರೌನ್‌ಗಳ ಮೇಲೆ ಆಡಿದ ಹಿಂದಿನವರಿಗೆ ಅದು ಕಷ್ಟವಾಗಿರಲಿಲ್ಲ.

ಔಷಧಿಯ ವಿಷಯದಲ್ಲಿ ತೋಟಕ್ಕೂ ಮೈದಾನಕ್ಕೂ ಇರುವ ದೂರ ಇನ್ನೂ ಕಡಿಮೆ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿದಾಗ ಅದರಲ್ಲಿ ಕ್ಲೋರ್‌ಪೈರಿಫಾಸ್, ಮ್ಯಾಂಕೋಜೆಬ್, ಕಾರ್ಬೆಂಡಜಿಮ್ ಹೆಸರುಗಳಿದ್ದವು. ಕಾಂಡಕೊರಕ ಹುಳುವಿನ ಜೊತೆ ಹೋರಾಡಿದ ಅರೇಬಿಕಾ ಬೆಳೆಗಾರನಿಗೆ ಮೊದಲನೆಯದು ಚಿರಪರಿಚಿತ. ಹುಲ್ಲು ಸಾಕುವವರಿಗೂ ಈ ಮೂರೂ ಗೊತ್ತು. ಕರಡು ಬಂದಾಗ ಸರ್ಕಾರಕ್ಕೆ ಆಕ್ಷೇಪಣೆ ಬರೆಯುವುದು ಬೆಳೆಗಾರರ ಸಂಘಗಳಿಗೆ ರೂಢಿಯಾಗಿದೆ. ಆ ಸಂಘಗಳು ಕಾಲಕಾಲಕ್ಕೆ ಬಾಳೆಹೊನ್ನೂರಿನ ವಿಜ್ಞಾನಿಗಳನ್ನು ಕರೆಸಿ ಸದಸ್ಯರ ಮುಂದೆ ಕೂರಿಸುತ್ತವೆ, ಬೈಗುಳವನ್ನೂ ಕೇಳಿಸಿಕೊಳ್ಳುತ್ತವೆ. ಮೈದಾನ ನಿರ್ವಾಹಕರಿಗೆ ಕಲಿಯಲು ಟೊಲಿಡೊದವರೆಗೆ ಹೋಗುವ ಅಗತ್ಯವಿಲ್ಲ.

ನೀರಿನ ವಿಷಯದಲ್ಲಿ ರಾಜ್ಯದ ನಿಲುವೂ ಬದಲಾಗುತ್ತಿದೆ. ನಗರಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಮರುಬಳಸುವ ನೀತಿಯನ್ನು ಕರ್ನಾಟಕ 2017ರಲ್ಲಿ ಪ್ರಕಟಿಸಿತು. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೂ ವಾಹನ ತೊಳೆಯಲೂ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಹಿರೇಕೊಳಲೆ ಕೆರೆಯಿಂದಲೂ ಯಗಚಿಯಿಂದಲೂ ಕುಡಿಯುವ ನೀರು ಪಡೆಯುವ ಚಿಕ್ಕಮಗಳೂರಿಗೆ ಆ ಮಾತು ದೂರದ್ದಲ್ಲ. ಮೈದಾನಕ್ಕೆ ಬರುವ ನೀರು ಯಾವ ಮೂಲದ್ದು, ತಿಂಗಳಿಗೆ ಎಷ್ಟು, ಮಳೆಗಾಲದಲ್ಲಿ ಕೊಳದಲ್ಲಿ ಕೂಡಿಟ್ಟದ್ದು ಎಷ್ಟು ದಿನಕ್ಕೆ ಬಂತು, ಯಾವ ದಿನ ಏನು ಸಿಂಪಡಿಸಲಾಯಿತು ಎಂಬುದನ್ನು ಕನ್ನಡದಲ್ಲಿ ಬರೆದು ಗೇಟಿನ ಬಳಿ ಹಲಗೆಗೆ ಅಂಟಿಸಲು ಕಾನೂನಿನ ಒತ್ತಾಯ ಬೇಕಿಲ್ಲ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳನ್ನೋ ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮಕ್ಕಳನ್ನೋ ವರ್ಷಕ್ಕೆರಡು ಸಲ ಒಳಗೆ ಕರೆದು, ಮೈದಾನಕ್ಕೆ ಬರುವ ತೊರೆಯ ನೀರನ್ನೂ ಮೈದಾನದಿಂದ ಹೊರಡುವ ನೀರನ್ನೂ ಬೇರೆಬೇರೆ ಶೀಶೆಗಳಲ್ಲಿ ಅವರ ಕೈಯಿಂದಲೇ ತುಂಬಿಸಬಹುದು. ಮೊದಲ ಸಲ ಹೂಮಳೆಗೆ ಮುಂಚೆ, ತೊರೆ ಸಣ್ಣದಾಗಿರುವಾಗ. ಎರಡನೆಯ ಸಲ ಜೂನ್‌ನ ಮೊದಲ ದೊಡ್ಡ ಮಳೆ ಮೈದಾನವನ್ನು ತೊಳೆದುಕೊಂಡು ಕೆಳಗಿನ ಗದ್ದೆಗಳಿಗೆ ಇಳಿಯುವಾಗ.