ಆ್ಯಪ್ ಹುಡುಗನದ್ದೋ, ಸಂಘದ್ದೋ?

ಮುಂಬೈ, ಪುಣೆ ಕಡೆಯ ಕನ್ನಡ ಸಂಘದ ಸಭೆಯಲ್ಲಿ ಆ್ಯಪ್ ಮಾಡಿಸುವ ಮಾತು ಬಂತು ಅಂದುಕೊಳ್ಳಿ. ಸದಸ್ಯರ ಪಟ್ಟಿ, ಯಕ್ಷಗಾನದ ತಾರೀಖು, ವಧು-ವರರ ವಿವರ ಎಲ್ಲ ಒಂದೇ ಕಡೆ ಸಿಗಬೇಕು. ಯಾರದೋ ಮಗ ಹಿಂಜೆವಾಡಿಯ ಐಟಿ ಕಂಪನಿಯಲ್ಲಿ ಕೆಲಸಕ್ಕಿರುತ್ತಾನೆ. "ನೀನೇ ಮಾಡ್ಕೊಡಪ್ಪ" ಅಂದರೆ ಶನಿವಾರ, ಭಾನುವಾರ ಕೂತು ಮಾಡಿಕೊಡುತ್ತಾನೆ. ತನ್ನದೇ ಹೆಸರಲ್ಲಿ 25 ಡಾಲರ್ ಕಟ್ಟಿ ಗೂಗಲ್ ಪ್ಲೇಯಲ್ಲಿ ಡೆವಲಪರ್ ಖಾತೆ ತೆರೆಯುತ್ತಾನೆ. ಅದು ಒಂದೇ ಸಲ ಕಟ್ಟುವ ದುಡ್ಡು. ಆಪಲ್‌ನಲ್ಲಾದರೆ ವರ್ಷಕ್ಕೆ 99 ಡಾಲರ್, ಕಟ್ಟುವುದು ಮರೆತರೆ ಆ್ಯಪ್ ಸ್ಟೋರ್‌ನಿಂದ ಮಾಯ. ಸ್ವಲ್ಪ ದಿನಕ್ಕೆ ಹುಡುಗ ಜರ್ಮನಿಗೆ ಹೊರಡುತ್ತಾನೆ. ಈಗ ಆ್ಯಪ್ ಯಾರದ್ದು?

ಫೋನನ್ನು ಕೇಳಿದರೆ ಅದರ ಉತ್ತರ ಒಂದೇ: ಕೀ, ಅಂದರೆ ಆ್ಯಪ್‌ಗೆ ಸಹಿ ಹಾಕುವ ಗುಟ್ಟಿನ ಸಂಖ್ಯೆ, ಯಾರ ಹತ್ತಿರ ಇದೆಯೋ ಅವರದ್ದು.

ಆಂಡ್ರಾಯ್ಡ್ ಫೋನು ಸಹಿ ಇಲ್ಲದ ಆ್ಯಪನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಈ ಸಹಿ ಪೂರ್ತಿ ಲೆಕ್ಕದ ಕೆಲಸ. 89ನ್ನು 97ರಿಂದ ಗುಣಿಸಿ ಅಂದರೆ ಲೋಕಲ್ ರೈಲು ದಾದರ್‌ನಿಂದ ಮಾಟುಂಗಾ ಮುಟ್ಟುವಷ್ಟರಲ್ಲಿ ಹೇಳಿಬಿಡಬಹುದು, 8633. ಆದರೆ 8633 ಮಾತ್ರ ಕೊಟ್ಟು, ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತೆ ಅಂತ ಕೇಳಿ ನೋಡಿ. ಠಾಣೆ ದಾಟಿದರೂ ತಲೆ ಕೆರೆದುಕೊಳ್ಳುತ್ತಿರಬೇಕು. ಗುಣಿಸುವುದು ಸಲೀಸು, ಒಡೆಯುವುದು ಕಷ್ಟ. ಇಷ್ಟನ್ನೇ ಹಿಡಿದುಕೊಂಡು ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಗುಟ್ಟು ಕಾಯಲು, ಸಹಿ ಹಾಕಲು ಆರ್‌ಎಸ್‌ಎ ಎಂಬ ವಿಧಾನ ಕಟ್ಟಿದರು. ಆ್ಯಪ್‌ಗೆ ಸಹಿ ಹಾಕಲು ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಸಂಖ್ಯೆಯನ್ನು ಬರೆದರೆ 617 ಅಂಕಿ ಆಗುತ್ತದೆ. 2020ರಲ್ಲಿ ಸಂಶೋಧಕರು 250 ಅಂಕಿಯ ಒಂದು ಸಂಖ್ಯೆಯನ್ನು ಒಡೆದರು. ಅದಕ್ಕೆ ಹಿಡಿದ ಕೆಲಸವನ್ನು ಕಂಪ್ಯೂಟರಿನ ಒಂದೇ ಒಂದು ಕೋರ್‌ಗೆ ವಹಿಸಿದ್ದರೆ ಸುಮಾರು 2,700 ವರ್ಷ ಬೇಕಾಗುತ್ತಿತ್ತು. 617 ಅಂಕಿಯ ಮಾತು ಬಿಡಿ.

ಸಹಿ ಬೀಳುವುದು ಹೀಗೆ. ಆ್ಯಪ್‌ನ ಫೈಲುಗಳನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ 256 ಬಿಟ್‌ನ ಚಿಕ್ಕ ಗುರುತು ತೆಗೆಯುತ್ತಾರೆ. ಇದಕ್ಕೆ ಹ್ಯಾಶ್ ಅಂತ ಹೆಸರು. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆ ಗುರುತಿನ ಮೇಲೆ ಗುಟ್ಟಿನ ಕೀ ಬಳಸಿ ಸಹಿ ಹಾಕುತ್ತಾರೆ. ಅದರ ಜೋಡಿ ಕೀ ಬಹಿರಂಗ, ಅದು ಆ್ಯಪ್ ಜೊತೆಗೇ ಬರುತ್ತದೆ. ಅಪ್‌ಡೇಟ್ ಬಂದಾಗ ಫೋನು ನೋಡುವುದು ಇಷ್ಟೇ: ಇದು ಹಳೇ ಕೀಯ ಸಹಿಯೇ? ಅಲ್ಲ ಅಂದರೆ ತಗೊಳ್ಳುವುದಿಲ್ಲ. ಹಳೇ ಆ್ಯಪ್ ತೆಗೆದುಹಾಕಿ ಹೊಸದನ್ನೇ ಹಾಕಿಕೊಳ್ಳಬೇಕು, ಫೋನಿನಲ್ಲಿ ಅದು ಕೂಡಿಟ್ಟಿದ್ದೂ ಹೋಗುತ್ತದೆ. ಅಧ್ಯಕ್ಷರು ಲೆಟರ್‌ಹೆಡ್‌ನಲ್ಲಿ ಪತ್ರ ಬರೆದರೂ ಫೋನು ಕೇಳುವುದಿಲ್ಲ.

ಕೀ ಜೊತೆಗಿನ ಪ್ರಮಾಣಪತ್ರಕ್ಕೆ ಒಂದು ಅವಧಿಯೂ ಇದೆ. ಪ್ಲೇ ಸ್ಟೋರ್‌ಗೆ ಹೋಗುವ ಆ್ಯಪ್‌ನದ್ದು 2033ರ ಅಕ್ಟೋಬರ್ 22ರ ನಂತರವೇ ಮುಗಿಯಬೇಕು. 25 ವರ್ಷವಾದರೂ ಇರಲಿ ಎನ್ನುವುದು ಗೂಗಲ್ ಸಲಹೆ. ಅಷ್ಟರಲ್ಲಿ ಸಂಘದಲ್ಲಿ ಎಷ್ಟು ಕಾರ್ಯದರ್ಶಿಗಳು ಬಂದು ಹೋಗಿರುತ್ತಾರೋ!

ಮೊದಲೆಲ್ಲ ಕೀ ಇದ್ದ ಲ್ಯಾಪ್‌ಟಾಪ್ ಕೆಟ್ಟರೆ ಕಥೆ ಮುಗಿಯುತ್ತಿತ್ತು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳ ಮುಖ್ಯ ಕೀ ಗೂಗಲ್ ಹತ್ತಿರವೇ ಇರುತ್ತದೆ. ಡೆವಲಪರ್ ಕೈಯಲ್ಲಿರುವುದು ಅಪ್‌ಲೋಡ್ ಕೀ, ಅಂದರೆ ಆ್ಯಪನ್ನು ಗೂಗಲ್‌ಗೆ ಕಳಿಸುವಾಗ ಸಹಿ ಹಾಕುವ ಕೀ. ಅದು ಕಳೆದರೆ ಹೊಸದು ಪಡೆಯಬಹುದು, ಆದರೆ ಅರ್ಜಿ ಖಾತೆಯ ಮಾಲೀಕನಿಂದಲೇ ಹೋಗಬೇಕು. ಅಂದರೆ ತಿರುಗಿ ಜರ್ಮನಿಯ ಹುಡುಗನೇ.

ಖಾತೆಗೆ ಕೆಟ್ಟ ಹೆಸರು ಬರುವ ಬಗೆ ಬೇರೆ. ಅಪ್‌ಡೇಟ್ ತಿರಸ್ಕಾರವಾದರೆ ಗಾಬರಿ ಬೇಡ. ಹಳೇ ಆವೃತ್ತಿ ಹಾಗೇ ಇರುತ್ತದೆ, ತಿದ್ದಿ ಮತ್ತೆ ಕಳಿಸಿದರಾಯಿತು. ಆ್ಯಪನ್ನೇ ಸ್ಟೋರ್‌ನಿಂದ ತೆಗೆದರೂ ತಕ್ಷಣ ಖಾತೆಗೆ ಮಸಿ ಹತ್ತುವುದಿಲ್ಲ. ಪದೇ ಪದೇ ಹಾಗಾದರೆ ಆ್ಯಪ್ ಅಮಾನತು, ಅದು ಖಾತೆಯ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಖಾತೆಯೇ ರದ್ದು, ಜೊತೆಗೆ ಸಂಬಂಧಪಟ್ಟ ಬೇರೆ ಖಾತೆಗಳೂ. ಒಬ್ಬನೇ ಹುಡುಗ ಹತ್ತು ಜನರ ಆ್ಯಪನ್ನು ತನ್ನ ಒಂದೇ ಖಾತೆಯಲ್ಲಿ ಪೇರಿಸಿಟ್ಟಿದ್ದರೆ ಯಾರದೋ ತಪ್ಪಿಗೆ ಸಂಘದ ಆ್ಯಪೂ ಮುಳುಗುತ್ತದೆ. ಹಳೇ ಡೆವಲಪರ್ ಖಾತೆ ಬಾಡಿಗೆಗೆ ಕೊಡ್ತೀರಾ, ಡಾಲರ್‌ನಲ್ಲಿ ದುಡ್ಡು ಕೊಡ್ತೀವಿ ಅಂತ ಮೆಸೇಜ್ ಮಾಡುವವರೂ ಇದ್ದಾರೆ. ನೇರ ದಾರಿಯಲ್ಲಿ ಇರುವವರಿಗೆ 25 ಡಾಲರಿನ ಖಾತೆಯನ್ನು ಬಾಡಿಗೆಗೆ ಹಿಡಿಯುವ ದರ್ದು ಯಾಕೆ, ಅಲ್ವಾ?

ಸುಮ್ನೆ ಬಿಟ್ಟರೂ ಖಾತೆ ಕೆಡುತ್ತದೆ. ಆ್ಯಪ್ ಯಾವ ಆಂಡ್ರಾಯ್ಡ್‌ಗೆ ಹೊಂದಿಕೊಂಡಿರಬೇಕು ಎನ್ನುವ ಗೆರೆ ಮೇಲೇರುತ್ತಲೇ ಇರುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳಿಗೆ ಅದು ಆಂಡ್ರಾಯ್ಡ್ 15. ತುಂಬಾ ಹಿಂದೆ ಬಿದ್ದ ಆ್ಯಪ್ ಹೊಸ ಫೋನು ಕೊಂಡವರ ಕಣ್ಣಿಗೇ ಬೀಳುವುದಿಲ್ಲ. ಎಚ್ಚರಿಕೆಯ ಮೇಲ್ ಮಾತ್ರ ಸರಿಯಾಗಿ ಬಂದಿರುತ್ತದೆ, ಯಾರೂ ತೆರೆಯದ ಇನ್‌ಬಾಕ್ಸಿಗೆ. ಜಾಹೀರಾತಿಗೆಂದು ಸೇರಿಸಿದ ಹೊರಗಿನ ಕೋಡು ಬಳಕೆದಾರರ ಲೊಕೇಶನ್ ಕದ್ದು ನೋಡಿದರೂ ಹೊಣೆ ಖಾತೆಯವನದ್ದೇ.

ಇನ್ನು ಹೊಸದಾಗಿ ಶುರುಮಾಡುವವರ ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷಾ ತಂಡದಲ್ಲಿ ಇದ್ದಮೇಲೆಯೇ ಆ್ಯಪನ್ನು ಎಲ್ಲರಿಗೂ ಬಿಡಲು ಕೇಳಬಹುದು. ಊಟದ ದಿನ ಸಂಘದಲ್ಲಿ 12 ಜನ ಸಿಗುವುದೇನು ಕಷ್ಟವಲ್ಲ, 14 ದಿನ ನಿಲ್ಲಿಸಿಕೊಳ್ಳಬೇಕಲ್ಲ. ಸಂಸ್ಥೆಯ ಹೆಸರಲ್ಲಿ ಖಾತೆ ತೆರೆದರೆ ಈ ಷರತ್ತಿಲ್ಲ. ಹಾಗಾಗಿ ನನ್ನ ಓಟು ಸಂಘದ ಹೆಸರಿನ ಖಾತೆಗೇ. ಅದಕ್ಕೆ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಕಂಪನಿ ಕೊಡುವ 9 ಅಂಕಿಯ ಡನ್ಸ್ ಸಂಖ್ಯೆ ಬೇಕು, ಅಲ್ಲಿರುವ ಹೆಸರು, ವಿಳಾಸ ಸಂಘದ ಕಾಗದಪತ್ರಕ್ಕೆ ಹೊಂದಬೇಕು. ನೋಂದಣಿ ಪತ್ರದಲ್ಲಿ ಡೊಂಬಿವಲಿಯ ಇಂಗ್ಲಿಷ್ ಕಾಗುಣಿತಕ್ಕೆ ಒಂದು 'ಎ' ಜಾಸ್ತಿ, ಲೈಟ್ ಬಿಲ್ಲಿನಲ್ಲಿ ಒಂದು ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ, ಆಮೇಲೆ ಹುಡುಗನಿಗೆ ಫೋನ್ ಮಾಡಿ.